ಮನೆಯ ಚಾಕರಿ: ಮಿರ್ಲೆಯ ಸೀಮೆಯಿಂದ ಒಂದು ಚಾರಿತ್ರಿಕ ಅವಲೋಕನ

ಕಾವೇರಿಯ ನೀರುಣ್ಣುವ ಮಿರ್ಲೆಯ ಸೀಮೆಯ ಚರಿತ್ರೆಯನ್ನು ಹೇಳಹೊರಟವರು ಮೊದಲು ಅಲ್ಲಿಯ ನಾಲೆಗಳ ಮಾತನ್ನೆತ್ತುತ್ತಾರೆ. ಹಿಂದೆ ಎಡತೊರೆ ತಾಲ್ಲೂಕೆನಿಸಿ ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಿಂದ ಕೃಷ್ಣರಾಜನಗರವೆನಿಸಿದ ಈ ನಾಡಿನಲ್ಲಿ ಚಾಮರಾಜ ನಾಲೆ, ಮಿರ್ಲೆ ನಾಲೆ, ರಾಮಸಮುದ್ರ ನಾಲೆಗಳು ಅರಸರ ಕಾಲದಿಂದಲೂ ಹರಿದು ಗದ್ದೆಗಳನ್ನು ಹಸಿರಾಗಿಸಿದುವು. ಭತ್ತದ ಕಣಜವೆಂಬ ಕೀರ್ತಿ ಬಂದುದು ಈ ನೀರಿನಿಂದ. ಅಣೆಕಟ್ಟೆಯನ್ನು ಕಟ್ಟಿಸಿದವರ ಹೆಸರು ಗ್ರಂಥಗಳಲ್ಲಿದೆ, ಕಂದಾಯದ ಲೆಕ್ಕ ದಫ್ತರಗಳಲ್ಲಿದೆ, ಭೂಮಿಯ ದತ್ತಿಗಳು ಶಾಸನಗಳಲ್ಲಿವೆ. ಆದರೆ ಆ ಭತ್ತ ಕಣದಿಂದ ಮನೆಗೆ ಬಂದ ಮೇಲೆ ಅದನ್ನು ಕುಟ್ಟಿ ಅಕ್ಕಿ ಮಾಡಿದವರು ಯಾರು? ಆ ಅಕ್ಕಿಯುಂಡ ತಟ್ಟೆಯನ್ನು ತೊಳೆದವರು ಯಾರು? ಕೊಟ್ಟಿಗೆಯ ಸಗಣಿಯನ್ನು ಬಾಚಿ ತಿಪ್ಪೆಗೆ ಸುರಿದವರು ಯಾರು? ವಿಶ್ವವಿದ್ಯಾನಿಲಯದಲ್ಲಿ ನಾವು ಇತಿಹಾಸವನ್ನು ಓದಿದ ಕಾಲದಲ್ಲಿ ಈ ಪ್ರಶ್ನೆಗಳು ಪಠ್ಯದಲ್ಲಿರಲಿಲ್ಲ. ರಾಜವಂಶಗಳ ಹಾಗೂ ಯುದ್ಧಗಳ ಕಾಲಗಣನೆಯನ್ನು ಕಂಠಪಾಠ ಮಾಡಿದುದಾಯಿತು. ಮನೆಯ ಒಳಗಿನ ದುಡಿಮೆಗೂ ಒಂದು ಇತಿಹಾಸವಿರಬಹುದೆಂಬ ಕಲ್ಪನೆ ಗುರುಗಳಿಗೂ ಇರಲಿಲ್ಲ, ಶಿಷ್ಯರಿಗೂ ಇರಲಿಲ್ಲ.

ಇಂದು ನಗರಗಳಲ್ಲಿ ನೆಲೆಸಿರುವ ನಮ್ಮ ಭಕ್ತರ ಮನೆಗಳಲ್ಲಿ, ಮಠದ ನಿಲಯಗಳಲ್ಲಿ ಓದಿ ಅಧಿಕಾರಿಗಳೂ ವೈದ್ಯರೂ ಅಧ್ಯಾಪಕರೂ ಆಗಿರುವವರ ಮನೆಗಳಲ್ಲಿ, ಮುಂಜಾನೆ ಬಂದು ಮುಸುರೆ ತಿಕ್ಕಿ ನೆಲ ಒರಸಿ ಹೋಗುವ ಹೆಣ್ಣುಮಗಳೊಬ್ಬಳು ಇದ್ದೇ ಇರುತ್ತಾಳೆ. ಅವಳು ಆ ಮನೆಗೆ ಎಲ್ಲಿಂದ ಬಂದಳು ಎಂಬುದಕ್ಕೆ ಅವಳ ಊರಿನ ಹೆಸರೊಂದೇ ಉತ್ತರವಲ್ಲ. ಅದರ ಹಿಂದೆ ಶತಮಾನಗಳ ಒಂದು ವ್ಯವಸ್ಥೆಯಿದೆ. ಅದನ್ನು ಯಥಾಶಕ್ತಿ ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಒನಕೆಯ ಮಾತು. ಅಕ್ಕಿಯ ಗಿರಣಿಗಳು ಬರುವುದಕ್ಕೆ ಮೊದಲು ಭತ್ತದ ಸೀಮೆಯಲ್ಲಿ ಅಕ್ಕಿಯೆಂದರೆ ಹೆಂಗಸರ ತೋಳಿನ ಬಲವೇ ಆಗಿತ್ತು. ಭತ್ತವನ್ನು ಒರಳಿಗೆ ಸುರಿದು, ಇಬ್ಬರು ಎದುರುಬದುರು ನಿಂತು, ಒಬ್ಬಳ ಒನಕೆ ಮೇಲೇಳುವಾಗ ಇನ್ನೊಬ್ಬಳ ಒನಕೆ ಕೆಳಗಿಳಿಯುವಂತೆ ಲಯ ತಪ್ಪದೆ ಕುಟ್ಟಬೇಕು. ಅನಂತರ ಮೊರದಲ್ಲಿ ಕೇರಿ ಹೊಟ್ಟನ್ನು ಹಾರಿಸಬೇಕು. ಮತ್ತೆ ಕುಟ್ಟಿ ತೌಡನ್ನು ತೆಗೆಯಬೇಕು. ಮತ್ತೆ ಕೇರಿ ನುಚ್ಚನ್ನು ಬೇರ್ಪಡಿಸಬೇಕು. ಬಡವರ ಮನೆಯಲ್ಲಿ ಇದನ್ನು ಮನೆಯವಳೇ ಮಾಡಿಕೊಂಡಳು. ಉಳ್ಳವರ ಮನೆಯಲ್ಲಿ, ಹತ್ತಾರು ಮಂದಿಗೆ ಎಲೆ ಹಾಕುವ ದೊಡ್ಡ ತೊಟ್ಟಿಯ ಮನೆಗಳಲ್ಲಿ, ಇದನ್ನು ಕೂಲಿಯ ಹೆಂಗಸರು ಮಾಡಿದರು. ಕೂಲಿ ಹಣದಲ್ಲಿರಲಿಲ್ಲ. ಕುಟ್ಟಿದ ಅಕ್ಕಿಯಲ್ಲಿ ಇಷ್ಟು ಸೇರು, ಜೊತೆಗೆ ನುಚ್ಚು, ಕೆಲವೆಡೆ ತೌಡು. ನುಚ್ಚು ಅವಳ ಮಕ್ಕಳ ಗಂಜಿಗಾಯಿತು, ತೌಡು ಅವಳ ಹಿತ್ತಲಿನ ಎಮ್ಮೆಗೋ ಕೋಳಿಗೋ ಆಯಿತು. ಹಿಡಿ ಅಕ್ಕಿ ಒಡೆದು ನುಚ್ಚಾದರೆ ಮನೆಯೊಡತಿಯ ಬೈಗುಳ ತಪ್ಪುತ್ತಿರಲಿಲ್ಲ, ಏಕೆಂದರೆ ನುಚ್ಚಿಗಾಗಿಯೇ ಬೇಕೆಂದು ಒಡೆದಳೆಂಬ ಸಂಶಯ ಸದಾ ಇದ್ದಿತು. ದುಡಿಸುವವರು ದುಡಿಯುವವರನ್ನು ಕಳ್ಳರೆಂದು ಶಂಕಿಸುವ ಈ ಪದ್ಧತಿ ಒನಕೆಯೊಡನೆ ಹೋಗಲಿಲ್ಲವೆಂಬುದನ್ನು ಗಮನಿಸಿರಿ. ಇಂದು ಸಕ್ಕರೆಯ ಡಬ್ಬಿಯ ಮಟ್ಟವನ್ನು ಕಣ್ಣಳತೆಯಲ್ಲಿ ಗುರುತಿಟ್ಟುಕೊಳ್ಳುವ ಗೃಹಿಣಿಯರು ಎಷ್ಟು ಮಂದಿಯಿಲ್ಲ!

ರಾಗಿಯ ಬೀಸುವ ಕಲ್ಲಿನದೂ ಇದೇ ಕಥೆ. ಬೆಳಗಿನ ಜಾವದಲ್ಲಿ ಎದ್ದು ಬೀಸಿದ ಹಿಟ್ಟು ಆ ದಿನದ ಮುದ್ದೆಗೆ. ಜನಪದ ಗೀತೆಗಳ ಸಂಗ್ರಾಹಕರು ಬೀಸುವ ಕಲ್ಲಿನ ಪದಗಳನ್ನು, ಕುಟ್ಟುವ ಪದಗಳನ್ನು ಆದರದಿಂದ ಕಲೆಹಾಕಿ ಮುದ್ರಿಸಿದರು. ಅದು ಶ್ಲಾಘ್ಯವಾದ ಕೆಲಸವೇ. ಆದರೆ ಹಾಡಿನ ಮಾಧುರ್ಯವನ್ನು ಹೊಗಳಿದ ಮಹನೀಯರಲ್ಲಿ ಹೆಚ್ಚಿನವರು, ಆ ಕಲ್ಲು ಯಾರ ಮನೆಯದು, ಹಿಟ್ಟು ಯಾರ ಹೊಟ್ಟೆಗೆ ಹೋಯಿತು, ಹಾಡಿದವಳಿಗೆ ಏನು ಸಿಕ್ಕಿತು ಎಂದು ಕೇಳಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಹಲ್ಲರ್ ಯಂತ್ರಗಳೂ ಅಕ್ಕಿಯ ಗಿರಣಿಗಳೂ ಬಂದುವು. ಕೃಷ್ಣರಾಜನಗರದ ಸುತ್ತಮುತ್ತ ಗಿರಣಿಗಳು ಒಂದರ ಹಿಂದೊಂದು ತಲೆಯೆತ್ತಿದುವು. ಮನೆಯ ಹೆಣ್ಣಿಗೆ ಬಿಡುವು ದೊರೆಯಿತೆಂದು ನಾವೆಲ್ಲ ಹರ್ಷಿಸಿದೆವು, ಹರ್ಷಿಸಬೇಕಾದ ವಿಷಯವೇ. ಆದರೆ ಕುಟ್ಟಿ ಬದುಕುತ್ತಿದ್ದ ಕೂಲಿಯವಳಿಗೆ ಆದುದೇನು? ಅವಳ ಕೂಲಿಯೂ ಹೋಯಿತು, ನುಚ್ಚೂ ಹೋಯಿತು, ತೌಡೂ ಹೋಯಿತು. ತೌಡು ಗಿರಣಿಯವನ ಪಾಲಾಯಿತು, ಅದರಿಂದ ಎಣ್ಣೆ ತೆಗೆಯುವುದು ಪ್ರತ್ಯೇಕ ಉದ್ಯಮವೇ ಆಯಿತು. ಕುಟ್ಟುವ ಕೆಲಸಕ್ಕೆ ಒಂದು ಕುಶಲತೆಯಿತ್ತು, ಹದವರಿತ ಕೈಗೆ ಬೇಡಿಕೆಯಿತ್ತು. ಅದು ಹೋದ ಮೇಲೆ ಉಳಿದದ್ದು ಯಾರು ಬೇಕಾದರೂ ಮಾಡಬಹುದೆಂದು ಜನ ತಿಳಿದಿರುವ ಕೆಲಸ: ಗುಡಿಸುವುದು, ಸಾರಿಸುವುದು, ತೊಳೆಯುವುದು. ಯಂತ್ರವು ದುಡಿಮೆಯನ್ನು ಹಗುರಗೊಳಿಸುತ್ತದೆಂಬ ಮಾತು ಯಂತ್ರದ ಒಡೆಯನ ಮನೆಯ ಮಟ್ಟಿಗೆ ನಿಜ.

ಇನ್ನು ಹೊಸ್ತಿಲಿನ ವಿಚಾರ. ಹಳ್ಳಿಯ ಮನೆಗೆಲಸವೆಂಬುದು ಒಂದೇ ಕೆಲಸವಾಗಿರಲಿಲ್ಲ. ಹೊಸ್ತಿಲಿನ ಒಳಗಿನದು ಬೇರೆ, ಹೊರಗಿನದು ಬೇರೆ. ಅಡುಗೆ, ನೀರು, ದೇವರ ಪಾತ್ರೆ, ಇವು ಮನೆಯ ಹೆಣ್ಣುಮಕ್ಕಳ ಪಾಲಿಗೆ ಅಥವಾ ಸ್ವಜಾತಿಯ ಬಡ ಸಂಬಂಧಿಕಳ ಪಾಲಿಗೆ. ಗಂಡ ಸತ್ತ ಚಿಕ್ಕಮ್ಮ, ತವರಿಗೆ ಹಿಂತಿರುಗಿದ ಅತ್ತೆ, ಅನಾಥಳಾದ ಸೋದರ ಸೊಸೆ ಮೊದಲಾದವರು ಜೀವಮಾನವೆಲ್ಲ ಒಲೆಯ ಮುಂದೆ ಬೆಂದರು. ಅವರಿಗೆ ಕೂಲಿಯ ಪ್ರಶ್ನೆಯೇ ಏಳಲಿಲ್ಲ, ಏಕೆಂದರೆ ಅವರು ‘ಮನೆಯವರು’. ಅಂಗಳ, ಕೊಟ್ಟಿಗೆ, ಹಿತ್ತಲು, ತಿಪ್ಪೆ, ಇವು ಊರಾಚೆಯ ಕೇರಿಯಿಂದ ಬರುವವರ ಪಾಲಿಗೆ. ಅವರು ಹಿತ್ತಲ ಬಾಗಿಲಿನಿಂದ ಬರಬೇಕು, ಹೊಸ್ತಿಲು ದಾಟಬಾರದು. ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಸುರಿಯಬೇಕು, ಊಟ ಕೊಟ್ಟರೆ ತಂಗಳನ್ನು ಎಲೆಯ ಮೇಲೆ ದೂರದಿಂದ ಇಡಬೇಕು. ತಾನು ತೊಳೆದ ಕೊಟ್ಟಿಗೆಯ ಹಸುವಿನ ಹಾಲು ಒಳಗೆ ಹೋಗಬಹುದು, ತೊಳೆದವನು ಹೋಗಬಾರದು.

ಈ ಆಚರಣೆ ಅನ್ಯರ ಮನೆಗಳಲ್ಲಿ ಮಾತ್ರ ಇತ್ತು, ನಮ್ಮಲ್ಲಿರಲಿಲ್ಲವೆಂದು ಬರೆಯಲು ಈ ಲೇಖನಿಗೆ ಧೈರ್ಯವಿಲ್ಲ. ಕೊರಳಲ್ಲಿ ಲಿಂಗವನ್ನು ಧರಿಸಿದ ಒಕ್ಕಲಿನ ಮನೆಗಳಲ್ಲೂ ಇದು ಇದ್ದಿತು. ಬಸವಣ್ಣನವರ ಹೆಸರನ್ನು ಹೇಳಿಕೊಂಡೇ ಇದು ನಡೆಯಿತು. ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಸೇವಕ ಸೇವಕಿಯರ ವಂಶದವನು ತಾನೆಂದು ಸಾರಿಕೊಂಡ ಮಹಾಪುರುಷನ ಅನುಯಾಯಿಗಳು, ಅಂಗಳದ ಸೇವಕಿಯ ನೆರಳನ್ನು ಅಳೆದರು.

ನೆರಳನ್ನು ಅಳೆಯುವುದು ನಗರದಲ್ಲಿ ನಿಂತಿತೆಂದು ನೀವು ಹೇಳಬಹುದು. ಪೂರ್ಣವಾಗಿ ನಿಂತಿಲ್ಲ. ಅಡುಗೆಗೆ ಒಬ್ಬಳು, ಪಾತ್ರೆಗೆ ಒಬ್ಬಳು, ಬಚ್ಚಲು ತೊಳೆಯುವುದಕ್ಕೆ ಇನ್ನೊಬ್ಬಳು ಎಂದು ವಿಂಗಡಿಸಿ, ಮೊದಲನೆಯವಳ ಜಾತಿಯನ್ನು ಸುತ್ತುಬಳಸಿ ವಿಚಾರಿಸಿಕೊಳ್ಳುವ ಮನೆಗಳು ಇಂದಿಗೂ ಇವೆ. ಕಪಾಟಿನಲ್ಲಿ ಅವಳಿಗಾಗಿ ಪ್ರತ್ಯೇಕ ಲೋಟವಿರುವ ಮನೆಗಳೂ ಇವೆ. ಮೈಸೂರು ಬೆಂಗಳೂರುಗಳ ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಒಂದು ಕಿರಿದಾದ ಕನ್ಸರ್ವೆನ್ಸಿ ಓಣಿ ಇರುತ್ತದಲ್ಲವೆ? ಜಾಡಮಾಲಿಯು ಮನೆಯ ಮುಂಭಾಗಕ್ಕೆ ಬಾರದೆ ಹಿಂದಿನಿಂದಲೇ ಬಂದು ಮಲದ ಡಬ್ಬವನ್ನು ಒಯ್ಯಲೆಂದು ನಗರಯೋಜಕರು ಮಾಡಿಕೊಟ್ಟ ದಾರಿ ಅದು. ಹಳ್ಳಿಯ ಹಿತ್ತಲ ಬಾಗಿಲನ್ನೇ ಅವರು ನಕ್ಷೆಯಲ್ಲಿ ಬರೆದರು. ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ದೇವರಾಜ ಅರಸರ ಸರ್ಕಾರದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲಿ ನಿಷೇಧಿಸಿದರು. ರಾಷ್ಟ್ರಮಟ್ಟದ ಕಾಯಿದೆ ಬರಲು 1993ರವರೆಗೆ ಕಾಯಬೇಕಾಯಿತು, ಅದು ಸಾಲದೆಂದು 2013ರಲ್ಲಿ ಇನ್ನೊಂದು ಬಂದಿತು.

ಹಳ್ಳಿಯಲ್ಲಿ ಈ ಸೇವೆಗಳಿಗೆ ಪ್ರತಿಫಲವಿರಲಿಲ್ಲವೆಂದಲ್ಲ. ಅಗಸ, ಹಜಾಮ, ಕಮ್ಮಾರ, ಬಡಗಿ ಮೊದಲಾದ ಆಯಗಾರರಿಗೆ ಸುಗ್ಗಿಯ ಕಾಲದಲ್ಲಿ ಕಣದಲ್ಲಿಯೇ ಧಾನ್ಯದ ಪಾಲು ಸಲ್ಲುತ್ತಿತ್ತು. ವರ್ಷವಿಡೀ ಮನೆಯ ಬಟ್ಟೆ ಒಗೆದುದಕ್ಕೆ, ಕ್ಷೌರ ಮಾಡಿದುದಕ್ಕೆ ರಾಶಿಯಲ್ಲಿ ಇಷ್ಟು, ಹುಲ್ಲಿನಲ್ಲಿ ಇಷ್ಟು. ಮಳೆ ಹೋದ ವರ್ಷ ರೈತನಿಗೆ ಇಲ್ಲದುದು ಆಯಗಾರನಿಗೂ ಇಲ್ಲ. ಇದರಲ್ಲಿ ಒಂದು ಬಗೆಯ ಭದ್ರತೆಯಿತ್ತೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಇದ್ದಿರಬಹುದು. ಆದರೆ ಒಲ್ಲೆನೆಂದು ಹೇಳುವ ಸ್ವಾತಂತ್ರ್ಯವಿರಲಿಲ್ಲ. ಸತ್ತ ಮನೆಗೆ, ಹೆತ್ತ ಮನೆಗೆ, ಮದುವೆಯ ಮನೆಗೆ ಕರೆದಾಗ ಹೋಗಲೇಬೇಕು.

ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಆ ಹಳ್ಳಿಗೆ ತಮ್ಮ ಗ್ರಂಥಗಳಲ್ಲಿ ‘ರಾಮಪುರ’ವೆಂಬ ಹೆಸರನ್ನಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿದ್ದಾಗ ಬೆಂಕಿಯಲ್ಲಿ ಅವರ ಟಿಪ್ಪಣಿಗಳು ಸುಟ್ಟುಹೋದುವು. ಬಳಿಕ ನೆನಪಿನ ಬಲದಿಂದಲೇ ಬರೆದ ಗ್ರಂಥ 1976ರಲ್ಲಿ ಪ್ರಕಟವಾಯಿತು. ಮಿರ್ಲೆಯ ಹಿರಿಯರು ಅದನ್ನು ಓದಿದರೆ ತಮ್ಮ ಊರಿನ ವರ್ಣನೆಯೆಂದೇ ಭಾವಿಸಿಯಾರು. ಅದರಲ್ಲಿ ಎರಡು ಸಂಬಂಧಗಳ ವಿವರ ನಮ್ಮ ವಿಷಯಕ್ಕೆ ಸೇರಿದುದು. ಒಂದು ‘ಹಳೇಮಗ’ನೆಂಬ ಸಂಬಂಧ: ಅಸ್ಪೃಶ್ಯರ ಕುಟುಂಬವೊಂದು ಒಕ್ಕಲಿನ ಕುಟುಂಬವೊಂದಕ್ಕೆ ತಲೆಮಾರಿನಿಂದ ತಲೆಮಾರಿಗೆ ಸೇವೆಗೆ ಬದ್ಧವಾಗಿರುವುದು. ಮಗನೆಂದು ಕರೆದರು, ಆದರೆ ಮಗನಿಗೆ ಮನೆಯೊಳಗೆ ಪ್ರವೇಶವಿಲ್ಲ, ಆಸ್ತಿಯಲ್ಲಿ ಪಾಲಿಲ್ಲ. ಇನ್ನೊಂದು ಜೀತ: ಬಡವನೊಬ್ಬನು ಮುಂಗಡವಾಗಿ ಹಣ ಪಡೆದು, ಒಂದೋ ಎರಡೋ ಮೂರೋ ವರ್ಷ ಧಣಿಯ ಮನೆಯಲ್ಲಿ ಊಟ ಬಟ್ಟೆಗಳ ಮೇಲೆ ದುಡಿಯುವುದು. ದನ ಕಾಯಲು ಮಕ್ಕಳನ್ನೂ ಹೀಗೆ ಇಡುತ್ತಿದ್ದರು. ಅಣ್ಣನ ಮದುವೆಯ ಸಾಲಕ್ಕೆ ತಮ್ಮನ ಬಾಲ್ಯ ತೀರಿತು.

ಜೀತವೆಂಬ ಮಾತಿನ ಚರಿತ್ರೆಯೇ ವಿಚಾರಾರ್ಹವಾದುದು. ಸಂಸ್ಕೃತದ ‘ಜೀವಿತ’ ಶಬ್ದದ ತದ್ಭವ ಅದು. ಹಳಗನ್ನಡದಲ್ಲಿ ಜೀವಿತ, ಜೀತವೆಂದರೆ ಸಂಬಳ, ಜೀವನೋಪಾಯ. ವೀರಭಟನು ಅರಸನಿಂದ ಪಡೆದುದು ಅದೇ. ಆ ಅನ್ನದ ಋಣವನ್ನು ಜೋಳವಾಳಿಯೆಂದು ಕರೆದು ರಣರಂಗದಲ್ಲಿ ತೀರಿಸುವುದನ್ನು ಪಂಪ ರನ್ನರ ಕಾವ್ಯಗಳು ಕೊಂಡಾಡಿದುವು. ಅದೇ ಶಬ್ದ ಕಾಲಾಂತರದಲ್ಲಿ ಕೊಟ್ಟಿಗೆಗೆ ಇಳಿದು ಬಂಧನದ ಹೆಸರಾಯಿತು. ‘ಬಿಟ್ಟಿ’ಯ ಗತಿ ಇನ್ನೂ ವಿಲಕ್ಷಣ. ಸಂಸ್ಕೃತದ ‘ವಿಷ್ಟಿ’ ಎಂದರೆ ಕೂಲಿಯಿಲ್ಲದೆ ಬಲಾತ್ಕಾರವಾಗಿ ಮಾಡಿಸುವ ದುಡಿಮೆ. ಶಾಸನಗಳಲ್ಲಿ ಅದು ಪ್ರಜೆಗಳ ಮೇಲಿನ ಹೊರೆಗಳಲ್ಲಿ ಒಂದಾಗಿ ಬರುತ್ತದೆ. ನಾವು ಇಂದು ಪುಕ್ಕಟೆಯಾಗಿ ಸಿಕ್ಕಿದುದನ್ನೆಲ್ಲ ಬಿಟ್ಟಿ ಎನ್ನುತ್ತೇವೆ. ಕೊಟ್ಟವನ ಕಷ್ಟ ಶಬ್ದದಿಂದ ಮಾಯವಾಗಿ ಪಡೆದವನ ಲಾಭವಷ್ಟೇ ಉಳಿಯಿತು. ಭಾಷೆಯನ್ನು ಬೆಳೆಸಿದವರು ಯಾವ ಕಡೆ ನಿಂತಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿ ಶರಣರ ಮಾತನ್ನು ತಾರದೆ ಮುಂದುವರಿಯಲಾಗದು. ಸ್ವಾಮಿಗಳಾದವರು ಎಲ್ಲ ವಿಷಯಕ್ಕೂ ಶರಣರನ್ನು ಎಳೆದು ತರುತ್ತಾರೆಂಬ ಆಕ್ಷೇಪಣೆ ನಮಗೆ ತಿಳಿಯದುದಲ್ಲ. ಆದರೆ ಮನೆಗೆಲಸದ ಇತಿಹಾಸದಲ್ಲಿ ಆ ದುಡಿಮೆಯವರೇ ತಮ್ಮ ಹೆಸರಿನಲ್ಲಿ ಮಾತಾಡಿದ ಪ್ರಸಂಗಗಳು ಲೋಕದಲ್ಲಿಯೇ ವಿರಳ. ಅಂಥ ಮಾತುಗಳು ಕನ್ನಡದಲ್ಲಿ ಹನ್ನೆರಡನೆಯ ಶತಮಾನದಲ್ಲಿಯೇ ದೊರೆಯುತ್ತವೆ. ಕೊಟ್ಟಣದ ಸೋಮಮ್ಮನವರನ್ನು ನೆನೆಯಿರಿ. ಕೊಟ್ಟಣವೆಂದರೆ ಭತ್ತ ಕುಟ್ಟುವ ಕೆಲಸ. ಮಿರ್ಲೆಯ ತೊಟ್ಟಿಮನೆಯಲ್ಲಿ ನುಚ್ಚಿಗಾಗಿ ಒನಕೆ ಹಿಡಿದ ಹೆಂಗಸಿನ ವೃತ್ತಿಯೇ ಈ ಶರಣೆಯ ಕಾಯಕ. ಅವರದೊಂದು ವಚನ ಉಳಿದಿದೆ. ಹದ ತಪ್ಪಿದ ಕುಟ್ಟುವಿಕೆಯಿಂದ ಅಕ್ಕಿ ಕೆಡುವುದನ್ನು ಕಂಡ ಅನುಭವವೇ ಅದರಲ್ಲಿ ವ್ರತದ ವಿಚಾರಕ್ಕೆ ಉಪಮಾನವಾಗಿದೆ. ನುಚ್ಚಿನ ಕಾರಣಕ್ಕೆ ಬೈಗುಳ ತಿಂದವಳ ಲೋಕದಿಂದಲೇ ಆ ತತ್ತ್ವ ಹುಟ್ಟಿತು. ಸತ್ಯಕ್ಕನವರ ಕಾಯಕ ಶಿವಭಕ್ತರ ಮನೆಯಂಗಳವನ್ನು ಗುಡಿಸುವುದು. ಪೊರಕೆ ಹಿಡಿದ ಆ ಕೈ, ದಾರಿಯಲ್ಲಿ ಬಿದ್ದ ಪರರ ಹೊನ್ನನ್ನೂ ಮುಟ್ಟಲೊಲ್ಲದ ನಿಷ್ಠೆಯನ್ನು ಸಾರಿತು. ಹಡಪವನ್ನು ಹಿಡಿದು ಬಸವಣ್ಣನವರ ಸೇವೆಯಲ್ಲಿದ್ದ ಅಪ್ಪಣ್ಣನವರು ವಚನಕಾರರು, ಅವರ ಪತ್ನಿ ಲಿಂಗಮ್ಮನವರೂ ವಚನಕಾರ್ತಿ. ಬಟ್ಟೆ ಮಡಿಮಾಡುವ ಮಾಚಿದೇವರ ಮುಂದೆ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ವಿನೀತರಾಗಿ ನಿಂತರೆಂದು ಪುರಾಣಗಳು ಹೇಳುತ್ತವೆ.

ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನೀವೆಲ್ಲ ಬಲ್ಲಿರಿ. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬನ್ನಿರೆಂದು ಆಕೆ ಕಳುಹಿಸಿದರು. ಈ ಪ್ರಸಂಗವನ್ನು ನಾವು ಉಪನ್ಯಾಸಗಳಲ್ಲಿ ಎಷ್ಟು ಬಾರಿ ಹೇಳಿಲ್ಲ! ಆದರೆ ಅದನ್ನು ಕೇಳಿದ ಕೆಲವರು ವಿಚಿತ್ರವಾದೊಂದು ಪಾಠವನ್ನು ಕಲಿತರು. ಕಾಯಕದಲ್ಲಿ ತೃಪ್ತಿ ಬೇಕು, ದುಡಿಯುವವರು ಹೆಚ್ಚು ಆಸೆಪಡಬಾರದು ಎಂದು ತಮ್ಮ ಆಳುಗಳಿಗೆ ಹೇಳತೊಡಗಿದರು. ದಯವಿಟ್ಟು ಕಥೆಯನ್ನು ಮತ್ತೊಮ್ಮೆ ನೋಡಿರಿ. ಹೆಚ್ಚು ಬೇಡವೆಂದವಳು ದುಡಿಯುವ ಮನೆಯವಳು, ತನ್ನ ಮನೆಯ ಬಗೆಗೆ ಹೇಳಿದಳು. ನಿನಗೆ ಕಡಿಮೆ ಸಾಕೆಂದು ಅಂಗಳದ ಒಡೆಯನು ಅವಳಿಗೆ ಹೇಳಲಿಲ್ಲ. ಬಸವಣ್ಣನವರ ಅಂಗಳದಲ್ಲಿ ಅಕ್ಕಿ ಹೆಚ್ಚಾಗಿಯೇ ಚೆಲ್ಲಿತ್ತು. ವೈರಾಗ್ಯವನ್ನು ತಾನು ಆಚರಿಸುವುದು ಧರ್ಮ. ತನ್ನ ಲಾಭಕ್ಕಾಗಿ ಇನ್ನೊಬ್ಬರಿಗೆ ಅದನ್ನು ವಿಧಿಸುವುದಕ್ಕೆ ಬೇರೆ ಹೆಸರಿದೆ, ಅದನ್ನು ಮೇಲೆಯೇ ಹೇಳಿದ್ದೇವೆ: ಬಿಟ್ಟಿ. ದಾಸೋಹವೆಂಬ ಪವಿತ್ರ ಶಬ್ದದ ಮರೆಯಲ್ಲಿ ಅಡುಗೆಯವರ, ಕಸ ಗುಡಿಸುವವರ ಸಂಬಳವನ್ನು ತಡಮಾಡುವ ಸಂಸ್ಥೆಗಳಿದ್ದರೆ, ಅವು ಮಠಗಳಾದರೂ ಸರಿ, ಈ ಮಾತು ಅವುಗಳಿಗೂ ಸಲ್ಲುತ್ತದೆ.

ಕಾನೂನಿನ ಚರಿತ್ರೆಗೆ ಬರೋಣ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೆಯ ಅನುಚ್ಛೇದ ಬಿಟ್ಟಿಯನ್ನೂ ಬಲಾತ್ಕಾರದ ದುಡಿಮೆಯನ್ನೂ ನಿಷೇಧಿಸಿತು. ಆದರೆ ಜೀತ ಇನ್ನೂ ಕಾಲು ಶತಮಾನ ನಿರಾತಂಕವಾಗಿ ನಡೆಯಿತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಹೊರಟು, 1976ರಲ್ಲಿ ಅದು ಜೀತಪದ್ಧತಿ ರದ್ದಿಯಾತಿ ಕಾಯಿದೆಯಾಯಿತು. ಆ ಕಾಯಿದೆ ಸಾಲಕ್ಕಾಗಿ ದುಡಿಯುವವನನ್ನು ಮಾತ್ರವಲ್ಲ, ರೂಢಿಯ ಕಟ್ಟಿನಿಂದ ಅಥವಾ ಇಂಥ ಜಾತಿಯಲ್ಲಿ ಹುಟ್ಟಿದ ಕಾರಣದಿಂದ ದುಡಿಯಬೇಕಾದವನನ್ನೂ ಜೀತದಾಳೆಂದು ಗುರುತಿಸಿತು. ಹಳೇಮಗನೂ ಅದರೊಳಗೆ ಬಂದನು. ಜೀತದ ಸಾಲಗಳೆಲ್ಲ ತೀರಿದುವೆಂದು ಸಾರಿ, ಉಲ್ಲಂಘಿಸಿದವರಿಗೆ ಮೂರು ವರ್ಷದವರೆಗಿನ ಸೆರೆವಾಸ, 2,000 ರೂಪಾಯಿವರೆಗಿನ ದಂಡವನ್ನು ವಿಧಿಸಿತು. ಆಗ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ಮಿರ್ಲೆಗೆ ನೆರೆಯ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿದಾರನು ಭೂಮಿಯ ಒಡೆಯನಾದನು. 1976ರ ಋಣಪರಿಹಾರ ಕಾಯಿದೆಯಿಂದ ಬಡವರ ಕೊರಳಿನ ಉರುಲು ಸಡಿಲವಾಯಿತು. ನಮ್ಮ ಭಕ್ತರಲ್ಲಿ ಭೂಮಿ ಕಳೆದುಕೊಂಡವರೂ ಇದ್ದಾರೆ, ಪಡೆದವರೂ ಇದ್ದಾರೆ. ಅರಸರ ಬಗೆಗೆ ಅವರವರ ಅಭಿಪ್ರಾಯ ಅವರವರಿಗಿರಲಿ. ಜೀತಗಾರನ ದೃಷ್ಟಿಯಿಂದ ನೋಡಿದರೆ ಆ ದಶಕ ಒಂದು ಯುಗಾಂತರವೇ ಸರಿ. ಕರ್ನಾಟಕದಲ್ಲಿ ಮುಂದಿನ ದಶಕಗಳಲ್ಲಿ ಗುರುತಿಸಲ್ಪಟ್ಟ ಜೀತದಾಳುಗಳ ಸಂಖ್ಯೆ 60,000ಕ್ಕೂ ಮಿಕ್ಕಿತು.

ಆದರೂ ಒಂದು ಲೋಪ ಉಳಿಯಿತು. ಗೇಣಿದಾರನಿಗೆ ಭೂಮಿ ಬಂದಿತು, ಗೇಣಿಯೂ ಇಲ್ಲದೆ ಬರೀ ಕೈಯಲ್ಲಿ ದುಡಿಯುವವನಿಗೆ ಹೆಚ್ಚಿನದೇನೂ ಬರಲಿಲ್ಲ. ಜೀತಗಾರನೆಂದರೆ ಗದ್ದೆಯಲ್ಲಿ ದುಡಿಯುವ ಗಂಡಸೆಂದೇ ಅಧಿಕಾರಿಗಳ ಕಣ್ಣಿಗೆ ಕಂಡಿತು. ಅವನ ಹೆಂಡತಿ ಅದೇ ಧಣಿಯ ಮನೆಯ ಕೊಟ್ಟಿಗೆಯನ್ನು ಬಾಚುತ್ತಿದ್ದುದು, ಮಗಳು ಮುಸುರೆ ತೊಳೆಯುತ್ತಿದ್ದುದು ಆ ಕಣ್ಣಿಗೆ ಬೀಳಲಿಲ್ಲ. ಗಂಡನ ಜೀತದೊಡನೆ ಹೆಂಡತಿಯ ಚಾಕರಿ ಸೇರಿಕೊಂಡೇ ಇರುತ್ತಿತ್ತು, ಪತ್ರದಲ್ಲಿ ಮಾತ್ರ ಇರುತ್ತಿರಲಿಲ್ಲ.

ಅವಳು ಊರು ಬಿಟ್ಟು ನಗರಕ್ಕೆ ಬಂದಳು. ನಗರದಲ್ಲಿ ಈ ವೃತ್ತಿಗೆ ಆಗಲೇ ಒಂದು ಪರಂಪರೆಯಿತ್ತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ದೊರೆಗಳ ಬಂಗಲೆಗಳಿಗೆ ಬಟ್ಲರು, ಆಯಾ, ಮಾಲಿ, ದೋಬಿಗಳಿದ್ದರು. ಒಂದೊಂದು ಕೆಲಸಕ್ಕೆ ಒಬ್ಬೊಬ್ಬ ಆಳು. ಆ ದೊರೆಗಳ ಸ್ವದೇಶವಾದ ಇಂಗ್ಲೆಂಡಿನಲ್ಲಿಯೂ 1911ರ ಹೊತ್ತಿಗೆ ದುಡಿಯುವ ಹೆಂಗಸರಲ್ಲಿ ಅತಿ ಹೆಚ್ಚಿನವರು ಪರರ ಮನೆಯ ಚಾಕರಿಯಲ್ಲಿದ್ದರು. ಎರಡು ಮಹಾಯುದ್ಧಗಳ ಅನಂತರ ಆ ಚಾಕರಿ ಅಲ್ಲಿ ಬಹುಮಟ್ಟಿಗೆ ಅಳಿಯಿತು. ಪಾತ್ರೆ ತೊಳೆಯುವ ಯಂತ್ರ ಬಂದುದರಿಂದ ಎಂದು ಹಲವರ ಊಹೆ. ನಿಜವಾದ ಕಾರಣ ಬೇರೆ. ಕಾರ್ಖಾನೆ, ಕಛೇರಿ, ಅಂಗಡಿಗಳು ಹೆಣ್ಣಿಗೆ ಬಾಗಿಲು ತೆರೆದುವು. ಸಂಜೆಯಾದ ಮೇಲೆ ತನ್ನ ಕಾಲ ತನ್ನದಾಗುವ ಕೆಲಸ ಸಿಕ್ಕಾಗ, ರಾತ್ರಿಯೂ ಒಡತಿಯ ಗಂಟೆಗೆ ಓಗೊಡುವ ಕೆಲಸವನ್ನು ಅವರು ಬಿಟ್ಟರು. ಆಳು ಸಿಗದ ಮೇಲೆ ಒಡತಿಯರು ಯಂತ್ರವನ್ನು ಕೊಂಡರು. ಪಿರಿಯಾಪಟ್ಟಣ ಹುಣಸೂರುಗಳ ಹೊಗೆಸೊಪ್ಪಿನ ವಿಂಗಡಣೆಯ ಕೆಲಸವಾಗಲಿ, ಬೆಂಗಳೂರು ಮೈಸೂರುಗಳ ಸಿದ್ಧ ಉಡುಪಿನ ಕಾರ್ಖಾನೆಗಳಾಗಲಿ ಎಷ್ಟೇ ಕಷ್ಟದವಾದರೂ, ನಮ್ಮ ಹೆಣ್ಣುಮಕ್ಕಳು ಅವನ್ನು ಮನೆಗೆಲಸಕ್ಕಿಂತ ಮೇಲೆಂದು ಏಕೆ ಎಣಿಸುತ್ತಾರೆಂಬುದನ್ನು ಇದರಿಂದ ಅರಿಯಬಹುದು. ಅಲ್ಲಿ ಕೆಲಸದ ಹೆಸರಿದೆ, ಬಿಡುವ ಹೊತ್ತಿದೆ. ‘ಏ, ಬಾರೇ ಇಲ್ಲಿ’ ಎಂದು ಆರು ವರ್ಷದ ಮಗು ಕರೆಯುವುದಿಲ್ಲ.

ಬೆಂಗಳೂರಿನಲ್ಲಿ 1980ರ ದಶಕದಲ್ಲಿ ಮನೆಗೆಲಸದ ಹೆಂಗಸರು ಸಂಘಟಿತರಾಗತೊಡಗಿದರು. ಈ ಕಾರ್ಯದಲ್ಲಿ ಮುಂದಾಳಾಗಿ ನಿಂತವರಲ್ಲಿ ರೂತ್ ಮನೋರಮಾ ಅವರು ಪ್ರಮುಖರು. ದಲಿತ ಮಹಿಳೆಯರ ಪರವಾದ ಸೇವೆಗಾಗಿ 2006ರಲ್ಲಿ ಅವರಿಗೆ ಅಂತಾರಾಷ್ಟ್ರೀಯ ಖ್ಯಾತಿಯ ರೈಟ್ ಲೈವ್ಲಿಹುಡ್ ಪ್ರಶಸ್ತಿ ದೊರೆಯಿತು. ಕರ್ನಾಟಕ ಸರ್ಕಾರವು 2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. ದೇಶದಲ್ಲಿ ಈ ಹೆಜ್ಜೆಯಿಟ್ಟ ಮೊದಲ ರಾಜ್ಯಗಳಲ್ಲಿ ನಮ್ಮದೂ ಒಂದು. ಇದನ್ನು ನೀವು ಬಲ್ಲಿರಾ? ಕೇಳಿದ ಭಕ್ತರಲ್ಲಿ ಹೆಚ್ಚಿನವರು ಬಲ್ಲವರಾಗಿರಲಿಲ್ಲ. ಕಾನೂನು ಪದವೀಧರರೂ ಅವರಲ್ಲಿದ್ದರು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ಅನುಚ್ಛೇದ ನಿಷೇಧಿಸುವ ಬಲಾತ್ಕಾರದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯ 1982ರಲ್ಲಿಯೇ, ಏಷ್ಯನ್ ಕ್ರೀಡಾಕೂಟದ ಕಾಮಗಾರಿಯ ಕೂಲಿಗಾರರ ಮೊಕದ್ದಮೆಯಲ್ಲಿ ಹೇಳಿದೆ. ಹಸಿವು ಬಡತನಗಳ ಒತ್ತಾಯವೂ ಒತ್ತಾಯವೇ ಎಂಬುದು ಆ ತೀರ್ಪಿನ ತಿರುಳು. ಅವಳೇ ಒಪ್ಪಿ ಬಂದಳಲ್ಲ ಎಂದು ಹೇಳುವವರು ಇದನ್ನು ಯೋಚಿಸಬೇಕು.

ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧವಾಯಿತು. ಅದಕ್ಕೆ ಮೊದಲು ‘ಓದಿಸುತ್ತೇವೆ, ಮನೆಯ ಮಗಳ ಹಾಗೆ ನೋಡಿಕೊಳ್ಳುತ್ತೇವೆ’ ಎಂದು ಹಳ್ಳಿಯಿಂದ ಹುಡುಗಿಯರನ್ನು ಕರೆದೊಯ್ದ ಮನೆಗಳು ಎಷ್ಟೋ. ಕೆಲವರು ನಿಜವಾಗಿ ಓದಿಸಿದರು, ಮದುವೆಯನ್ನೂ ಮಾಡಿಸಿದರು. ಅವರ ಪುಣ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಬಹಳ ಮಂದಿ ಓದಿಸಲಿಲ್ಲ. ಮನೆಯ ಮಗಳ ಹಾಗೆ ಎಂಬ ಮಾತು ಕೇಳಿದಾಗಲೆಲ್ಲ ನಮಗೆ ಹಳೇಮಗನ ನೆನಪಾಗುತ್ತದೆ.

ಮಠಗಳ ಹಳೆಯ ವಿದ್ಯಾರ್ಥಿಗಳಾದ ನಿಮಗೆ ಇಲ್ಲಿ ಒಂದು ಮಾತು. ಹಳೆಯ ಮೈಸೂರಿನ ಹಳ್ಳಿಗಳ ಬಡ ಹುಡುಗರು ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ಮೇಲೆ ಬಂದರು. ಸಿದ್ಧಗಂಗೆಯಲ್ಲಿ, ಸುತ್ತೂರು ಮಠದ ಮೈಸೂರಿನ ನಿಲಯದಲ್ಲಿ, ಇನ್ನೂ ಹಲವೆಡೆ ಈ ಮಹತ್ಕಾರ್ಯ ನಡೆಯಿತು. ನಿಲಯದಲ್ಲಿ ನೀವು ಸರದಿಯ ಮೇಲೆ ಅಂಗಳ ಗುಡಿಸಿದಿರಿ, ಅಕ್ಕಿ ಆರಿಸಿದಿರಿ, ಸೌದೆ ಹೊತ್ತಿರಿ, ಪಂಕ್ತಿಯಲ್ಲಿ ಬಡಿಸಿದಿರಿ, ನಿಮ್ಮ ತಟ್ಟೆಯನ್ನು ನೀವೇ ತೊಳೆದಿರಿ. ಅದೇ ವರ್ಷಗಳಲ್ಲಿ ನಿಮ್ಮ ಅಕ್ಕತಂಗಿಯರು ಎಲ್ಲಿದ್ದರು? ನಿಲಯಗಳು ಬಹುಪಾಲು ಗಂಡುಮಕ್ಕಳಿಗಾಗಿದ್ದುವು. ನಿಮಗೆ ಶಾಲೆಯ ಶುಲ್ಕ, ಬಟ್ಟೆ, ಬಸ್ಸಿನ ಹಣ ಬಂದುದು ಎಷ್ಟೋ ಸಲ ಮನೆಯಲ್ಲಿ ಉಳಿದ ಹೆಣ್ಣುಮಗಳ ದುಡಿಮೆಯಿಂದ. ಬಡವರಲ್ಲಿಯೂ ಬಡವರಾದವರ ಮನೆಗಳಲ್ಲಿ ಅವಳ ದುಡಿಮೆ ಪರರ ಅಂಗಳದಲ್ಲಿ ನಡೆಯಿತು. ನಿಲಯದಲ್ಲಿ ಹುಡುಗನು ತಟ್ಟೆ ತೊಳೆದರೆ ಅದು ಸಂಸ್ಕಾರವೆನಿಸಿತು, ಅವಳು ಪರರ ತಟ್ಟೆ ತೊಳೆದರೆ ಅದು ಚಾಕರಿಯೆನಿಸಿತು. ನೌಕರಿ ಸಿಕ್ಕಿದ ಮೇಲೆ ಎಷ್ಟು ಮಂದಿ ತಮ್ಮ ತಟ್ಟೆಯನ್ನು ತೊಳೆಯುವುದನ್ನು ಮುಂದುವರಿಸಿದಿರೆಂದು ನಾವು ಕೇಳುವುದಿಲ್ಲ, ಉತ್ತರ ನಿಮ್ಮ ಶ್ರೀಮತಿಯವರಿಗೆ ಗೊತ್ತಿರುತ್ತದೆ.

2008ರಲ್ಲಿ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯಿದೆ ಬಂದು ಮನೆಗೆಲಸದವರನ್ನೂ ಕಾರ್ಮಿಕರೆಂದು ಎಣಿಸಿತು. ಕೆಲಸದ ಸ್ಥಳದಲ್ಲಿ ಹೆಣ್ಣಿನ ಮೇಲಾಗುವ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯು ವಾಸದ ಮನೆಯನ್ನೂ ಕೆಲಸದ ಸ್ಥಳವೆಂದು ಒಪ್ಪಿತು. 2020ರ ಮಾರ್ಚಿನಲ್ಲಿ ದೇಶವೆಲ್ಲ ಮುಚ್ಚಿದಾಗ, ಬಹುಮಹಡಿ ಕಟ್ಟಡಗಳ ದ್ವಾರಗಳು ಮೊದಲು ಮುಚ್ಚಿದುದು ಈ ಹೆಂಗಸರಿಗೆ. ಕೆಲವು ಮನೆಯವರು ಬಾರದ ತಿಂಗಳುಗಳ ಸಂಬಳವನ್ನೂ ಕಳುಹಿಸಿಕೊಟ್ಟರು, ಅನೇಕರು ಕಳುಹಿಸಲಿಲ್ಲ. 2025ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮನೆಗೆಲಸದವರಿಗೆ ಪ್ರತ್ಯೇಕ ಕಾಯಿದೆಯ ಅಗತ್ಯವನ್ನು ಪರಿಶೀಲಿಸಲು ತಜ್ಞರ ಸಮಿತಿಯೊಂದನ್ನು ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಕರ್ನಾಟಕವೂ ಅದೇ ವರ್ಷ ತನ್ನದೊಂದು ಕರಡು ಮಸೂದೆಯನ್ನು ಸಾರ್ವಜನಿಕರ ಮುಂದಿಟ್ಟಿತು.

ಜೀತದ ಪತ್ರದಲ್ಲಾದರೂ ಅವಧಿ ಎಷ್ಟು, ಊಟ ಬಟ್ಟೆ ಏನೆಂದು ಬರೆದಿರುತ್ತಿತ್ತು. ಇಂದು ನಮ್ಮ ಮನೆಗಳಲ್ಲಿ ಯಾವ ಬರಹವೂ ಇರುವುದಿಲ್ಲ. ಕಾಯಿಲೆ ಬಿದ್ದರೆ ಸಂಬಳ ಹಿಡಿಯುವುದೋ ಇಲ್ಲವೋ, ನೆಂಟರು ಬಂದು ಪಾತ್ರೆ ಇಮ್ಮಡಿಯಾದರೆ ಹೆಚ್ಚಿನ ಕೂಲಿ ಉಂಟೋ ಇಲ್ಲವೋ, ಎಲ್ಲವೂ ಮನೆಯೊಡತಿಯ ಆ ಬೆಳಗಿನ ಮನಃಸ್ಥಿತಿಯನ್ನು ಅವಲಂಬಿಸುತ್ತದೆ. ವಾರದ ರಜೆಯ ವಿಷಯ ಇನ್ನೂ ಜಟಿಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2011ರ ಜೂನ್ ತಿಂಗಳಲ್ಲಿ ಜಿನೀವಾದಲ್ಲಿ ಅಂಗೀಕರಿಸಿದ 189ನೆಯ ಒಡಂಬಡಿಕೆ ಮನೆಗೆಲಸದವರಿಗೆ ವಾರಕ್ಕೆ ಎಡೆಬಿಡದ 24 ಗಂಟೆಗಳ ವಿರಾಮವನ್ನು ಹೇಳಿದೆ. ಭಾರತ ಅದರ ಪರವಾಗಿ ಮತ ಕೊಟ್ಟಿತು, ಆದರೆ ಅದನ್ನು ಸ್ಥಿರೀಕರಿಸಲಿಲ್ಲ. ಮಿರ್ಲೆಯ ಸೀಮೆಯ ರೈತರಿಗೆ ವಾರದ ವಿರಾಮವೆಂಬುದು ಜಿನೀವಾದಿಂದ ಬರಬೇಕಾದ ಹೊಸ ಕಲ್ಪನೆಯೇನೂ ಅಲ್ಲ. ಸೋಮವಾರ ಬಸವನ ವಾರವೆಂದು ಎತ್ತಿನ ಹೆಗಲಿಗೆ ನೊಗವಿಡದ ಪದ್ಧತಿ ಈ ಹಳ್ಳಿಗಳಲ್ಲಿ ತಲೆತಲಾಂತರದಿಂದ ಇದ್ದಿತು. ಅಂದು ಎತ್ತುಗಳನ್ನು ಮೀಯಿಸಿ, ಮೇವು ಹಾಕಿ, ಕೊಟ್ಟಿಗೆಯಲ್ಲಿ ನೆಮ್ಮದಿಯಾಗಿ ಕಟ್ಟುತ್ತಿದ್ದರು. ಆ ಎತ್ತುಗಳನ್ನು ಮೀಯಿಸಲು, ಆ ಕೊಟ್ಟಿಗೆಯ ಸಗಣಿಯನ್ನು ಬಾಚಲು, ಸೋಮವಾರವೂ ಆಳು ಬರಬೇಕಾಗಿತ್ತು.